ನಮ್ಮ ಖಾತೆಯಲ್ಲಿ ಇತರರ ಜಮೆ
(ರಾಜ್ಯೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ಮಾಡಿದ ಭಾಷಣ)



ಇತರರಿಂದ ನಮ್ಮ ಬಾಳು ಹೇಗೆ ತಿದ್ದಲ್ಪಡುತ್ತದೆ, ನಮ್ಮಿಂದ ಇತರರ ಬಾಳು ಹೇಗೆ ಬದಲಾಗುತ್ತದೆ ಎಂಬ ವಿಷಯದ ಮೇಲೆ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಇಂತಹ ವಿಷಯಕ್ಕೆ ತತ್ತ್ವಶಾಸ್ತ್ರ ಓದಿದವರು ಬೇಕು. ನಾನು ಓದಿದ್ದು ಬಿ.ಕಾಂ.; ಮಾಡುತ್ತಿರುವುದು ಬ್ಯಾಂಕಿನ ಗುಮಾಸ್ತಗಿರಿ. ಜಮೆ ಖರ್ಚುಗಳ ಹೊರತು ನನಗೆ ಬೇರೆ ಶಾಸ್ತ್ರ ತಿಳಿಯದು. ಆದುದರಿಂದ ನಾನು ಕಂಡ ಕೆಲವು ಲೆಕ್ಕಗಳನ್ನಷ್ಟೇ ತಮ್ಮ ಮುಂದಿಡುತ್ತೇನೆ. ಅವುಗಳಲ್ಲಿ ಒಂದು ಲೆಕ್ಕ ನನ್ನದೇ ತಪ್ಪಿನದು. ಅದನ್ನು ಕಡೆಗೆ ಹೇಳುವೆನು.

ನಾನು ಕೆಲಸ ಮಾಡುವ ಶಾಖೆ ಇರುವುದು ಬೇಗಂ ಬಜಾರಿನಲ್ಲಿ. ಆ ಬಜಾರನ್ನು ತಾವೆಲ್ಲರೂ ಬಲ್ಲಿರಿ. ಮದುವೆಯ ಪಾತ್ರೆ, ದ್ರಾಕ್ಷಿ ಗೋಡಂಬಿ, ಮೂಟೆ ಹೊತ್ತ ಹಮಾಲರು, ತಳ್ಳುಗಾಡಿಗಳು, ಇವುಗಳ ನಡುವೆ ಕಾಲಿಡಲು ಜಾಗವಿಲ್ಲದ ಓಣಿಗಳು. ಎರಡನೆಯ ನಿಜಾಮ ಅಲಿ ಖಾನರ ಪತ್ನಿ ಹಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ನೆಲವಾದುದರಿಂದ ಅದಕ್ಕೆ ಬೇಗಂ ಬಜಾರೆಂಬ ಹೆಸರು ಬಂದಿತಂತೆ. ಅರಮನೆಯ ಹೆಣ್ಣುಮಗಳೊಬ್ಬಳು ಎರಡು ನೂರು ವರ್ಷಗಳ ಹಿಂದೆ ಮಾಡಿದ ಮನಸ್ಸಿನ ಮೇಲೆ ಇಂದು ಸಾವಿರಾರು ಮಂದಿಯ ಅನ್ನ ನಿಂತಿದೆ. ನನ್ನ ಸಂಬಳವೂ ನಿಂತಿದೆ.

ನಮ್ಮ ತಂದೆ ಬೀದರ ಜಿಲ್ಲೆಯ ಒಂದು ಹಳ್ಳಿಯಿಂದ ೧೯೭೨ರ ಬರಗಾಲದ ಮರುವರ್ಷ ಇಲ್ಲಿಗೆ ಬಂದವರು. ಆಗ ಅವರಿಗೆ ಹದಿನೈದು ವರ್ಷ. ಬೇಗಂ ಬಜಾರಿನ ಒಂದು ಹಿತ್ತಾಳೆ ಪಾತ್ರೆಯ ಅಂಗಡಿಯಲ್ಲಿ ತೂಕ ಮಾಡುವ ಕೆಲಸ ಸಿಕ್ಕಿತು. ಅಲ್ಲಿ ಮಾರವಾಡದ ವೃದ್ಧ ಮುನೀಮರೊಬ್ಬರಿದ್ದರು. ಉಪದೇಶ ಮಾಡುವ ಸ್ವಭಾವ ಅವರದಲ್ಲ, ಮಾತೇ ಕಡಮೆ. ಆದರೆ ಗಿರಾಕಿಯೊಬ್ಬ ಹತ್ತು ಪೈಸೆ ಹೆಚ್ಚು ಕೊಟ್ಟು ಹೋದರೂ ಸಂಜೆಯ ಲೆಕ್ಕದಲ್ಲಿ ಅದನ್ನು ಹಿಡಿದು, ನಮ್ಮ ತಂದೆಯನ್ನು ಉಸ್ಮಾನ್ ಗಂಜಿನವರೆಗೆ ಓಡಿಸಿ ಹಿಂದಿರುಗಿಸುತ್ತಿದ್ದರು. ಹತ್ತು ಪೈಸೆಗೆ ಇಷ್ಟು ಓಡಾಟವೇ ಎಂದು ತಂದೆಯವರು ಮೊದಮೊದಲು ಮನಸ್ಸಿನಲ್ಲೇ ಬೈದುಕೊಂಡರಂತೆ. ಕ್ರಮೇಣ ಅವರಿಗೇ ಆ ಚಟ ಹತ್ತಿತು. ಅವರಿಂದ ನನಗೆ ಬಂದಿತು. ಈಗ ಸಂಜೆ ನನ್ನ ನಗದಿನಲ್ಲಿ ಹತ್ತು ರೂಪಾಯಿ ಹೆಚ್ಚು ಬಂದರೂ ಆ ರಾತ್ರಿ ನನಗೆ ನಿದ್ರೆ ಹತ್ತುವುದಿಲ್ಲ. ನನ್ನ ಹೆಂಡತಿ ಇದನ್ನೊಂದು ರೋಗವೆನ್ನುತ್ತಾಳೆ.

ಅದೇ ಮುನೀಮರು ಪ್ರತಿ ಅಮಾವಾಸ್ಯೆಗೆ ತಮ್ಮ ಊರಿಗೆ ತಮ್ಮ ಲಿಪಿಯಲ್ಲಿಯೇ ಕಾಗದ ಬರೆಯುತ್ತಿದ್ದರಂತೆ. ಹೈದರಾಬಾದಿನಲ್ಲಿ ನಲವತ್ತು ವರ್ಷ ಕಳೆದಿದ್ದರೂ ಆ ಒಂದು ವ್ರತವನ್ನು ಬಿಟ್ಟವರಲ್ಲ. ಇದನ್ನು ಕಂಡು ನಮ್ಮ ತಂದೆ, ತಮ್ಮ ಮಗನೂ ಊರಿಗೆ ಕನ್ನಡದಲ್ಲಿ ಕಾಗದ ಬರೆಯುವಂತಾಗಬೇಕೆಂದು ನಿಶ್ಚಯಿಸಿಕೊಂಡರು. ಮುಂದೆ ನಾನು ಹುಟ್ಟಿ ಐದು ವರ್ಷದವನಾದಾಗ ನೆರೆಹೊರೆಯವರ ನಗೆಯನ್ನು ಲೆಕ್ಕಿಸದೆ ಕಾಚಿಗುಡದ ನೃಪತುಂಗ ಶಾಲೆಗೆ ಸೇರಿಸಿದರು. ನಾನಿಂದು ತಮ್ಮ ಮುಂದೆ ನಿಂತು ತಪ್ಪೋ ಒಪ್ಪೋ ಕನ್ನಡದಲ್ಲಿ ಮಾತಾಡುತ್ತಿರುವುದಕ್ಕೆ ಕನ್ನಡದ ಒಂದಕ್ಷರವನ್ನೂ ಅರಿಯದ ಮಾರವಾಡಿಯೊಬ್ಬರು ಕಾರಣ. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು.

ನಮ್ಮ ಮಾತಿನಲ್ಲಿಯೂ ಹೀಗೆಯೇ. ನಾನು ದಿನವೂ ಬಳಸುವ ಜಮಾ, ಬಾಕಿ, ವಸೂಲಿ ಅರಬ್ಬಿಯಿಂದ, ಖರ್ಚು, ರಸೀದಿ ಪಾರಸಿಯಿಂದ ಬಂದವು. ಅವುಗಳನ್ನು ತೆಗೆದುಹಾಕಿದರೆ ನಾನು ಗಿರಾಕಿಯೊಡನೆ ಬಾಯಿ ಬಿಡುವಂತಿಲ್ಲ. ೧೯೫೬ರ ನವೆಂಬರ್ ೧ರಂದು ರಾಯಚೂರು, ಗುಲ್ಬರ್ಗಾ, ಬೀದರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಅವುಗಳ ರಾಜಧಾನಿಯಾಗಿದ್ದ ಈ ನಗರ ಆಂಧ್ರಪ್ರದೇಶಕ್ಕೆ ಸೇರಿತು. ಇಲ್ಲಿದ್ದ ಕನ್ನಡಿಗರು ಮನೆ ಬದಲಿಸದೆಯೇ ಒಂದು ರಾತ್ರಿಯಲ್ಲಿ ಹೊರನಾಡಿಗರಾದರು. ಗಡಿ ಸರಿದರೂ ಮಾತು ಸರಿಯಲಿಲ್ಲ. ನಮ್ಮ ಬೀದರಿನ ಅಜ್ಜಿಯಂದಿರು ಇಂದಿಗೂ ಆಸ್ಪತ್ರೆಗೆ ದವಾಖಾನೆಯೆಂದೇ ಅನ್ನುತ್ತಾರೆ.

ಇನ್ನು ನಮ್ಮವರು ಈ ಊರಿನ ಖಾತೆಗೆ ಹಾಕಿದ ಜಮೆಯ ಮಾತು. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ಬಂದ ಕಥೆಯನ್ನು ಹಳಬರಿಂದ ಕೇಳಿರಬಹುದು. ಸಾವಿರಾರು ಜನ ಸತ್ತರು; ಅಫ್ಜಲ್ ಗಂಜಿನ ಕಡೆ ಮನೆಗಳು ಕೊಚ್ಚಿಹೋದವು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಿಸೆಮರವೊಂದನ್ನು ಹತ್ತಿ ಸುಮಾರು ೧೫೦ ಮಂದಿ ಜೀವ ಉಳಿಸಿಕೊಂಡರು. ಮರುವರ್ಷ ನಿಜಾಮ ಸರಕಾರವು ಮುಂಬಯಿ ಸರಕಾರದ ಸೇವೆಯಿಂದ ಆಗತಾನೆ ನಿವೃತ್ತರಾಗಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ಕರೆಯಿಸಿಕೊಂಡಿತು. ಅವರು ನದಿಯ ಮೇಲ್ಭಾಗದ ಪ್ರದೇಶವನ್ನೆಲ್ಲ ಪರೀಕ್ಷಿಸಿ ಕಂಡ ಸಂಗತಿ ಇದು: ಅಲ್ಲಿದ್ದ ೭೮೮ ಕೆರೆಗಳಲ್ಲಿ ೨೨೧ ಕೆರೆಗಳು ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಗೆ ನುಗ್ಗುತ್ತದೆ, ಅದೂ ತಡೆಯದು. ಹೀಗೆ ಒಂದರ ಬಿರುಕು ಮತ್ತೊಂದಕ್ಕೆ ದಾಟುತ್ತ ಬರುತ್ತದೆ. ಯಾವುದೋ ಹಳ್ಳಿಯಲ್ಲಿ ಯಾರೂ ನೋಡದ ಒಂದು ಏರಿಯ ಬಿರುಕಿಗೂ ಇಲ್ಲಿ ಮುಳುಗಿದ ಅಂಗಡಿಗೂ ನಂಟಿತ್ತು ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ.

ನಗರದ ಮೇಲ್ಗಡೆ ದೊಡ್ಡ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ಅಲ್ಲಿಯೇ ಹಿಡಿಯಬೇಕೆಂದು ಅವರು ಸಲಹೆ ಕೊಟ್ಟರು. ಅದರಂತೆ ಮೂಸಿಗೆ ೧೯೨೦ರಲ್ಲಿ ಉಸ್ಮಾನ್ ಸಾಗರ, ಈಸಿ ನದಿಗೆ ೧೯೨೭ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಒಂದಕ್ಕೆ ನಿಜಾಮರ ಹೆಸರು, ಇನ್ನೊಂದಕ್ಕೆ ಅವರ ಮಗನ ಹೆಸರು. ಇರಲಿ, ಹಣ ಕೊಟ್ಟವರ ಹೆಸರು ಇಡುವುದು ಲೋಕರೂಢಿ. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದು ಬಿಡುವುದಿಲ್ಲವೆಂಬ ಮಾತೊಂದುಂಟು. ಆ ಗಂಡಿಪೇಟೆಯೆಂದರೆ ಇದೇ ಉಸ್ಮಾನ್ ಸಾಗರ. ನಾವೆಲ್ಲ ಊರು ಬಿಟ್ಟು ಬಂದು ಇಲ್ಲಿಯೇ ಉಳಿದುದರ ಅಪವಾದದಲ್ಲಿ ಮುದ್ದೇನಹಳ್ಳಿಯವರಿಗೂ ಒಂದು ಪಾಲುಂಟು! ಇಂದು ನಗರದ ನಲ್ಲಿಗಳಿಗೆ ಕೃಷ್ಣೆಯ ನೀರೂ ಬರುತ್ತದೆ. ರಾಯಚೂರಿನವರು ನಲ್ಲಿ ತಿರುಗಿಸುವಾಗ ತಮ್ಮ ಊರ ಪಕ್ಕದಲ್ಲಿ ಹರಿದು ಬಂದ ನೀರೆಂದು ಸಂತೋಷಪಡಬಹುದು.

ದೊಡ್ಡವರ ಮಾತು ಆಯಿತು. ಈಗ ನನ್ನ ಲೆಕ್ಕ.

ನಾಲ್ಕು ವರ್ಷಗಳ ಹಿಂದೆ ತಿಂಗಳ ಮೊದಲ ವಾರದ ಒಂದು ಮಧ್ಯಾಹ್ನ. ನನ್ನ ಕಿಟಕಿಯ ಮುಂದೆ ಉದ್ದನೆಯ ಸಾಲು. ಎಲ್ಲರೂ ಮೊಬೈಲಿನಲ್ಲಿಯೇ ಹಣ ಕಳಿಸುವ ಕಾಲದಲ್ಲಿಯೂ ನಮ್ಮ ಬಜಾರಿನಲ್ಲಿ ಚೀಟಿ ಹಿಡಿದು ಬರುವವರಿಗೆ ಕಡಮೆಯಿಲ್ಲ. ಒಬ್ಬ ಮುದುಕಿ, ಗೋದಾಮಿನಲ್ಲಿ ಮೆಣಸಿನಕಾಯಿ ಆರಿಸುವವಳು, ಮೊಮ್ಮಗಳ ಕೈಹಿಡಿದು ಬಂದು ಚೀಟಿ ತುಂಬಿಕೊಡೆಂದು ಕೇಳಿದಳು. ಮೊಮ್ಮಗಳೊಡನೆ ಆಕೆ ಆಡಿದ್ದು ನಮ್ಮ ಕಡೆಯ ಕನ್ನಡ. ನನ್ನ ಕಿವಿಗೆ ಅದು ಬಿದ್ದಿತ್ತು. ಆದರೂ ನಾನು ಹಿಂದಿಯಲ್ಲಿ, "ತುಂಬಿಸುವುದು ನನ್ನ ಕೆಲಸವಲ್ಲ, ಹೊರಗೆ ಯಾರಿಂದಲಾದರೂ ಬರೆಸಿಕೊಂಡು ನಾಳೆ ಬಾ" ಎಂದೆನು. ಆಕೆ ಏನೂ ಅನ್ನದೆ ಹೋದಳು. ಎರಡು ನಿಮಿಷದ ಕೆಲಸ. ನನಗೆ ಆ ಸಂಗತಿ ಸಂಜೆಯೊಳಗೇ ಮರೆತುಹೋಯಿತು. ಹತ್ತು ರೂಪಾಯಿಗೆ ನಿದ್ರೆಗೆಡುವ ನಾನು ಆ ರಾತ್ರಿ ಚೆನ್ನಾಗಿ ನಿದ್ರೆ ಮಾಡಿದೆನು.

ಒಂದು ವರ್ಷದ ಬಳಿಕ ಚಹಾ ಅಂಗಡಿಯಲ್ಲಿ ಆ ಹುಡುಗಿ ಲೋಟ ತೊಳೆಯುತ್ತಿದ್ದುದನ್ನು ಕಂಡೆನು. ವಿಚಾರಿಸಲಾಗಿ ತಿಳಿದುದು ಇಷ್ಟು. ಮುದುಕಿ ಮತ್ತೆ ಬ್ಯಾಂಕಿಗೆ ಬರಲು ಅಂಜಿ, ಇದ್ದ ಹಣವನ್ನು ಯಾರ ಕೈಯಿಂದಲೋ ತೆಗೆಸಿ, ಓಣಿಯಲ್ಲಿ ಚೀಟಿ ನಡೆಸುತ್ತಿದ್ದವನೊಬ್ಬನಿಗೆ ತಿಂಗಳು ತಿಂಗಳು ಕೊಟ್ಟಿದ್ದಾಳೆ. ಅವನು ಓಡಿಹೋದನು. ಹುಡುಗಿ ಎಂಟನೆಯ ತರಗತಿ ಬಿಟ್ಟಳು.

ಅಂದು ಸಂಜೆ ಅವರ ಮನೆಗೆ ಹೋದೆನು. ಕನ್ನಡದಲ್ಲಿ ಮಾತಾಡಿಸಿದಾಗ ಮುದುಕಿ ನನ್ನನ್ನು ಕೂಡಲೇ ಗುರುತಿಸಿದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆಕೆ ಅಂದದ್ದು, "ನಿಮ್ದೇನ್ ತಪ್ಪಿಲ್ರೀ ಸಾಹೇಬ್ರ. ಬ್ಯಾಂಕು ಓದಿದವರಿಗಂತ ನಾನs ತಿಳ್ಕೊಂಡೆ."

ನೋಡಿ, ಒಂದು ಪಾಠವನ್ನು ನಾನೂ ಕಲಿಸಿದ್ದೆನು. ಮುನೀಮರಂತೆಯೇ, ಕಲಿಸುತ್ತಿರುವೆನೆಂಬ ಅರಿವಿಲ್ಲದೆ.

ಹೋದ ಹಣ ಬರಲಿಲ್ಲ. ಬರುವ ಆಸೆಯೂ ಇಲ್ಲ. ನಮ್ಮ ಸಂಘದ ಇಬ್ಬರು ಹಿರಿಯರ ನೆರವಿನಿಂದ ಹುಡುಗಿಯನ್ನು ಮತ್ತೆ ಶಾಲೆಗೆ ಸೇರಿಸಿದುದಾಯಿತು. ಒಂದು ವರ್ಷ ಹಿಂದೆ ಬಿದ್ದಳು. ಕಳೆದ ವರ್ಷದಿಂದ ಭಾನುವಾರ ಹತ್ತು ಗಂಟೆಗೆ ಸಂಘದ ಕೋಣೆಯಲ್ಲಿ ನಾನೂ ಇನ್ನಿಬ್ಬರೂ ಕುಳಿತು, ಬಂದವರಿಗೆ ಬ್ಯಾಂಕಿನ ಚೀಟಿ, ಪಿಂಚಣಿಯ ಅರ್ಜಿ, ರೇಷನ್ ಕಾಗದ ತುಂಬಿಕೊಡುತ್ತಿದ್ದೇವೆ. ಆ ಹುಡುಗಿಯೂ ಬರುತ್ತಾಳೆ. ನನ್ನ ಕೈಬರಹ ಓದಲು ಬಾರದೆಂದು ಹೇಳಿ, ನಾನು ತುಂಬಿದ ಅರ್ಜಿಗಳನ್ನು ಹರಿದು ತಾನೇ ಬೇರೆ ಬರೆಯುತ್ತಾಳೆ.

ಬರುವ ಭಾನುವಾರ ಮೆಣಸಿನಕಾಯಿ ಗೋದಾಮಿನ ಇನ್ನೂ ನಾಲ್ವರನ್ನು ಕರೆತರುವೆನೆಂದು ಮುದುಕಿ ಹೇಳಿ ಕಳಿಸಿದ್ದಾಳೆ. ನಾವು ಮೂವರೇ ಇದ್ದೇವೆ. ಸಭೆಯಲ್ಲಿರುವವರು ಯಾರಾದರೂ ಬರುವುದಾದರೆ ಒಂದು ಪೆನ್ನನ್ನು ತಾವೇ ತರಬೇಕೆಂದು ಪ್ರಾರ್ಥನೆ. ಸಂಘದ ಪೆನ್ನುಗಳು ಉಳಿಯುತ್ತಿಲ್ಲ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ.