ಸುರಪುರದ ಗುಡ್ಡದ ಮನೆ

ಇಂಗ್ಲೆಂಡಿನ ಹಳ್ಳಿಯ ಪಾದ್ರಿಗಳು 1776ರ ಕಾಯಿದೆಯ ಬಲದಿಂದ ಸಾಲವೆತ್ತಿ ತಮ್ಮ ವಾಸಗೃಹಗಳನ್ನು ಹೊಸದಾಗಿ ಕಟ್ಟಿಸಿದರು. ಆದರೆ ಮನೆ ಪಾದ್ರಿಯದಲ್ಲ, ಪದವಿಯದು; ಆತನು ಮಡಿದೊಡನೆ ಮಡದಿಮಕ್ಕಳು ಅದನ್ನು ತೆರವು ಮಾಡಬೇಕು. ಪಾದ್ರಿಯದಲ್ಲದಿದ್ದರೂ ಅಂತಹುದೇ ಮನೆಯೊಂದನ್ನು ನಾವು ಬಲ್ಲೆವು. ಹವಳಗಾದಿಂದ ಜೇವರ್ಗಿಯನ್ನು ದಾಟಿ ತೆಂಕಣಕ್ಕೆ ನಡೆದರೆ ಸುರಪುರದ ಗುಡ್ಡದ ಮೇಲೆ ಕಾಣುವ ಟೇಲರ್ ಮಂಜಿಲ್ ಅದು. 1841ರಲ್ಲಿ ಬಂದ ಮೆಡೋಸ್ ಟೇಲರನು ಬಾಲರಾಜ ವೆಂಕಟಪ್ಪನಾಯಕನ ಸಂಸ್ಥಾನವನ್ನು ನೋಡಿಕೊಳ್ಳುತ್ತ ಇದನ್ನು ಕಟ್ಟಿಸಿದನು. ಊರ ಗದ್ದಲವಿಲ್ಲ, ಊರು ಮಾತ್ರ ಕಣ್ಣಮುಂದೆ. ಸ್ಥಳವನ್ನು ಆರಿಸಿದವನು ರಸಿಕನೇ ಸರಿ! ಬಾಲಕನು ಅವನನ್ನು ‘ಅಪ್ಪಾ’ ಎನ್ನುತ್ತಿದ್ದನು. 1853ರಲ್ಲಿ ಅಧಿಕಾರವು ಅರಸನ ಕೈಸೇರಿತು. ಟೇಲರನು ಮನೆಯನ್ನು ಬಿಟ್ಟು ನಡೆದನು. 1858ರಲ್ಲಿ, ಬಂಡಾಯದ ತರುವಾಯ, ಅವನು ಅರಸನನ್ನು ಕಂಡುದು ಸಿಕಂದರಾಬಾದಿನ ಸೆರೆಯಲ್ಲಿ. ಆ ವರ್ಷವೇ ಅರಸನು ಗುಂಡೇಟಿನಿಂದ ತೀರಿಕೊಂಡನು.