ಭಾರ ಎತ್ತುತ್ತಾ ಕಲಿತದ್ದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಎಂಬ ಕಾರಣಕ್ಕೆ ನನಗೆ ಕಂಪ್ಯೂಟರ್ ಬಗ್ಗೆ ಮಾತನಾಡಲು ಹೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ನಾಲ್ಕು ಜನ ಇದ್ದಾರೆ. ಅದಕ್ಕೆ ಅಪ್ಪಣೆ ಕೇಳಿ ವಿಷಯ ಬದಲಿಸಿಕೊಂಡಿದ್ದೇನೆ. ಭಾರ ಎತ್ತುವುದರ ಬಗ್ಗೆ ಎರಡು ಮಾತು ಹೇಳುತ್ತೇನೆ. ನಾನು ಪದಕ ಗೆದ್ದವನಲ್ಲ. ಒಂಬತ್ತು ವರ್ಷಗಳಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಭಾರ ಎತ್ತುತ್ತಿದ್ದೇನೆ, ಅಷ್ಟೆ.

ನಮ್ಮ ಭಾಗದ ಜನರಿಗೆ ಇದು ಹೊಸದಲ್ಲ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು, ಗುಂಡುಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆಯುವುದನ್ನು, ಜೋಳದ ಚೀಲ ಹೊತ್ತು ನಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಹನುಮಪ್ಪನ ಗುಡಿಯ ಮುಂದಿನ ಕಲ್ಲನ್ನು ಅಲುಗಾಡಿಸಲು ಹೋಗಿ ನಾನು ಒಂಬತ್ತನೇ ತರಗತಿಯಲ್ಲಿ ಕಾಲ್ಬೆರಳು ಜಜ್ಜಿಕೊಂಡದ್ದು ಕೆಲವರಿಗೆ ನೆನಪಿರಬಹುದು. ಆ ಕಲ್ಲಿನ ಒಂದು ಗುಣವಿದೆ. ಎತ್ತುವವನು ಯಾರ ಮಗ, ಎಷ್ಟು ಎಕರೆಯವನು, ಎಷ್ಟು ಅಂಕ ತೆಗೆದವನು ಎಂದು ಅದು ಕೇಳುವುದಿಲ್ಲ. ಶಕ್ತಿ ಮತ್ತು ಪಟ್ಟು ಇದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ.

ಅದೇ ಗುಣ ಒಲಿಂಪಿಕ್ಸ್‌ನ ಭಾರ ಎತ್ತುವ ಸ್ಪರ್ಧೆಯಲ್ಲೂ ಇದೆ. ಅದರ ನಿಯಮ ಮಕ್ಕಳಿಗೆ ಗೊತ್ತಿರಲಿ. ಎರಡು ವಿಧದ ಎತ್ತುವಿಕೆ ಇರುತ್ತದೆ. ಸ್ನ್ಯಾಚ್‌ನಲ್ಲಿ ಸರಳನ್ನು ನೆಲದಿಂದ ಒಂದೇ ಸೆಳೆತಕ್ಕೆ ತಲೆಯ ಮೇಲೆ ಒಯ್ಯಬೇಕು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ. ಗಂಡಸರ ಸರಳು 20 ಕಿಲೋ, ಹೆಂಗಸರದು 15 ಕಿಲೋ. ಪ್ರತಿಯೊಂದಕ್ಕೂ ಮೂರೇ ಪ್ರಯತ್ನ. ಎರಡರಲ್ಲಿಯೂ ಎತ್ತಿದ ಅತಿ ಹೆಚ್ಚು ಭಾರವನ್ನು ಕೂಡಿಸುತ್ತಾರೆ. ಒಂದರಲ್ಲಿ ಮೂರೂ ಪ್ರಯತ್ನ ತಪ್ಪಿದರೆ ಒಟ್ಟು ಲೆಕ್ಕವೇ ಇಲ್ಲ.

ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದು. ಒಮ್ಮೆ ಒಂದು ಭಾರ ಕೇಳಿ ಸೋತರೆ ಮುಂದಿನ ಸಲ ಅದೇ ಭಾರ ಎತ್ತಬೇಕು, ಇಲ್ಲವೆ ಹೆಚ್ಚು ಕೇಳಬೇಕು. ಕಡಿಮೆ ಮಾಡಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಮೊದಲ ಭಾರ ಎಷ್ಟು ಕೇಳಬೇಕು ಎಂಬಲ್ಲಿಯೇ ಮನುಷ್ಯನ ಪರೀಕ್ಷೆ ಶುರುವಾಗುತ್ತದೆ. ತನ್ನ ಅಳತೆ ತನಗೆ ಗೊತ್ತಿರಬೇಕು.

ನಮ್ಮ ರಾಜ್ಯದವರೇ ಆದ ಗುರುರಾಜ ಪೂಜಾರಿಯವರನ್ನು ನೋಡಿ. ಕುಂದಾಪುರದ ಕಡೆಯ ಹಳ್ಳಿಯವರು, ತಂದೆ ವಾಹನ ಚಾಲಕರು. ಮೊದಲು ಕುಸ್ತಿಯ ಹುಚ್ಚು. ಉಜಿರೆಯಲ್ಲಿ ಕಾಲೇಜು ಓದುವಾಗ ಭಾರ ಎತ್ತುವ ಕಡೆಗೆ ತಿರುಗಿದರು. 2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಕ್ಲೀನ್ ಅಂಡ್ ಜರ್ಕ್‌ನ ಕೊನೆಯ ಪ್ರಯತ್ನದಲ್ಲಿ ಅವರು ಎತ್ತಿದ್ದು 138 ಕಿಲೋ, ತಮ್ಮ ಮೈತೂಕದ ಸುಮಾರು ಎರಡೂವರೆ ಪಟ್ಟು. ನಾಲ್ಕು ವರ್ಷಗಳ ನಂತರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ ಕಂಚು ತಂದರು.

ಹೆಣ್ಣುಮಕ್ಕಳು ಕೇಳಿಸಿಕೊಳ್ಳಿ. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ ಕರ್ಣಂ ಮಲ್ಲೇಶ್ವರಿ, 2000ದ ಸಿಡ್ನಿಯಲ್ಲಿ, ಇದೇ ಕ್ರೀಡೆಯಲ್ಲಿ. ಮಣಿಪುರದ ಹಳ್ಳಿಯ ಮೀರಾಬಾಯಿ ಚಾನು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನಗಳಲ್ಲಿ ಸೋತರು. ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಒಟ್ಟು ಭಾರವೇ ಇರಲಿಲ್ಲ. ಮರುವರ್ಷ ಅವರು ವಿಶ್ವ ಚಾಂಪಿಯನ್ ಆದರು. 2021ರಲ್ಲಿ ಟೋಕಿಯೊದಲ್ಲಿ 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2024ರ ಪ್ಯಾರಿಸ್‌ನಲ್ಲಿ 199 ಕಿಲೋ ಎತ್ತಿ ನಾಲ್ಕನೆಯವರಾದರು. ಕಂಚಿನ ಪದಕದ ಭಾರ 200 ಕಿಲೋ. ಒಂದೇ ಕಿಲೋ ಕಡಿಮೆ! ಸೋಲಿನ ನಂತರ ಗೆಲುವು ಬಂದೇ ಬರುತ್ತದೆ ಎಂದು ನಾವು ಭಾಷಣದಲ್ಲಿ ಹೇಳುವುದುಂಟು. ಹಾಗೇನೂ ಇಲ್ಲ, ಗೆಲುವಿನ ನಂತರ ಸೋಲೂ ಬರುತ್ತದೆ. ಎರಡರ ಮರುದಿನವೂ ಮತ್ತೆ ಸರಳಿನ ಮುಂದೆ ನಿಲ್ಲಬೇಕು.

ಈಗ ನನ್ನ ಕಥೆ. ನೌಕರಿಗೆ ಸೇರಿದ ಕೆಲವು ವರ್ಷಗಳಲ್ಲಿ ಕುಳಿತು ಕುಳಿತು ಬೆನ್ನುನೋವು ಬಂತು. ವೈದ್ಯರು ವ್ಯಾಯಾಮ ಮಾಡು ಎಂದರು, ಜಿಮ್‌ಗೆ ಸೇರಿದೆ. ಮೂರು ತಿಂಗಳಲ್ಲಿ ಸ್ವಲ್ಪ ಬಲ ಬಂದದ್ದೇ ತಡ, ಬಲದ ಜೊತೆ ಅಹಂಕಾರವೂ ಬಂತು. ಪಕ್ಕದವನು 100 ಕಿಲೋ ಎತ್ತಿದ ಎಂದು ನಾನೂ 100 ಹಾಕಿಕೊಂಡೆ. ತರಬೇತುದಾರರು ಬೇಡವೆಂದರೂ ಕೇಳಲಿಲ್ಲ. ಸೊಂಟದಲ್ಲಿ ಚಳುಕು ಹಿಡಿದು ಆರು ವಾರ ಬಗ್ಗಿ ಬೂಟಿನ ದಾರ ಕಟ್ಟಲಾಗಲಿಲ್ಲ. ವಾಪಸು ಹೋದಾಗ ಅವರು ಬೈಯಲಿಲ್ಲ. ಖಾಲಿ ಸರಳು ಕೈಗೆ ಕೊಟ್ಟು "ಇಲ್ಲಿಂದ ಶುರು ಮಾಡಿ" ಎಂದರು. ಕಾಲೇಜು ಹುಡುಗರ ನಡುವೆ ಖಾಲಿ ಸರಳು ಎತ್ತುವುದು ನನಗೆ 100 ಕಿಲೋಗಿಂತ ಭಾರವಾಯಿತು.

ಆ ಕಲಿಕೆ ಕೆಲಸದಲ್ಲಿಯೂ ಒದಗಿತು. ಒಮ್ಮೆ ನನ್ನ ತಪ್ಪಿನಿಂದ ಒಂದು ವ್ಯವಸ್ಥೆ ಅರ್ಧ ರಾತ್ರಿ ನಿಂತುಹೋಯಿತು. ಕಾರಣ ನಾನೆಂದು ಯಾರಿಗೂ ಇನ್ನೂ ತಿಳಿದಿರಲಿಲ್ಲ. ಮೊದಲಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅಂದು ಫೋನು ಮಾಡಿ, ತಪ್ಪು ನನ್ನದು, ಇಂಥ ಕಡೆ ಆಗಿದೆ ಎಂದು ಹೇಳಿದೆ. ಬೆಳಗಿನ ಜಾವಕ್ಕೆ ಎಲ್ಲರೂ ಸೇರಿ ಸರಿಮಾಡಿದೆವು. ಇದು ದೊಡ್ಡ ಸಾಧನೆಯಲ್ಲ. ಆದರೆ ಎಲ್ಲರೆದುರು ಭಾರ ಕೈಜಾರಿ ಬೀಳುವುದನ್ನು ವಾರಕ್ಕೊಮ್ಮೆ ಅನುಭವಿಸಿದವನಿಗೆ ತಪ್ಪೊಪ್ಪಿಕೊಳ್ಳುವುದು ಸ್ವಲ್ಪ ಸುಲಭವಾಗುತ್ತದೆ.

ಇನ್ನೊಂದು ತಪ್ಪನ್ನು ಇಂದು ಒಪ್ಪಿಕೊಳ್ಳಬೇಕಿದೆ. ಇದೇ ಶಾಲೆಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು "ಕೃಷಿ" ಎಂದು ಬರೆದೆ. ನಮಗೆ ಒಂದೂವರೆ ಎಕರೆ ಒಣಭೂಮಿ ಇತ್ತು, ಪೂರಾ ಸುಳ್ಳಲ್ಲ. ಆದರೆ ಮನೆ ನಡೆದದ್ದು ಆ ಭೂಮಿಯಿಂದಲ್ಲ. ನಮ್ಮಪ್ಪ ತಾಲ್ಲೂಕಿನ ಎ.ಪಿ.ಎಂ.ಸಿ.ಯಲ್ಲಿ ಹಮಾಲರಾಗಿದ್ದರು. ಒಂದೊಂದು ಚೀಲ ನೂರು ಕಿಲೋ. ಲಾರಿಯಿಂದ ಅಂಗಡಿಗೆ, ಅಂಗಡಿಯಿಂದ ಲಾರಿಗೆ. ಶಾಲೆಯ ಪ್ರವಾಸದ ಬಸ್ಸು ಒಮ್ಮೆ ಆ ಮಾರುಕಟ್ಟೆಯ ಮುಂದೆ ನಿಂತಾಗ, ತಲೆಗೆ ಗೋಣಿ ಹೊದ್ದ ಅಪ್ಪನನ್ನು ಕಂಡು ನಾನು ಸೀಟಿನಲ್ಲಿ ತಲೆ ತಗ್ಗಿಸಿ ಕುಳಿತೆ. ಅವರು ನನ್ನನ್ನು ನೋಡಿದರೋ ಇಲ್ಲವೋ, ಇವತ್ತಿನವರೆಗೂ ಕೇಳಿಲ್ಲ.

ನಾನು ಜಿಮ್‌ಗೆ ಹಣ ಕಟ್ಟುವ ಸುದ್ದಿ ಕೇಳಿ ಅಪ್ಪ ನಕ್ಕುಬಿಟ್ಟರು. "ಏ ತಮ್ಮಾ, ಭಾರ ಎತ್ತಾಕ ನೀನ ರೊಕ್ಕ ಕೊಡ್ತೀಯೇನು? ನನಗ ಎತ್ತಿದ್ದಕ್ಕ ಅವರು ಕೊಡತಿದ್ರಲ್ಲೋ!" ಸೊಂಟ ಹಿಡಿದು ಊರಿಗೆ ಬಂದಾಗ ಅಂಗಳದಲ್ಲಿ ಒಂದು ಚೀಲ ಇಟ್ಟು ತೋರಿಸಿದರು. "ಬೆನ್ನಾಗ ಎತ್ತಬ್ಯಾಡ, ಕಾಲಾಗ ಎತ್ತು. ಚೀಲ ಮೈಗೆ ಹತ್ತಿ ಇರಲಿ. ಉಸರು ಹಿಡದು ಏಳು. ಇಳಸೂವಾಗ ಅವಸರ ಮಾಡಿದವನ ಟೊಂಕ ಹೋಗತೈತಿ." ತರಬೇತುದಾರರು ಹೇಳಿದ್ದು ಇದನ್ನೇ, ಒಂದಕ್ಷರ ಹೆಚ್ಚಿಲ್ಲ. ನನ್ನ ಬಿ.ಇ. ಶುಲ್ಕ ಕಟ್ಟಿದ ವಿದ್ಯೆ ಅದು. ಅದನ್ನು ನಾನು ವಿದ್ಯೆ ಎಂದು ತಿಳಿದಿರಲಿಲ್ಲ.

ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ನಾನು ಎತ್ತುವುದು ನನ್ನಿಚ್ಛೆಯಿಂದ. ಸಾಕಾದರೆ ಇಳಿಸಿ ಮನೆಗೆ ಹೋಗುತ್ತೇನೆ. ಅಪ್ಪನಿಗೆ ಆ ಅನುಕೂಲ ಇರಲಿಲ್ಲ. ಅವರ ಮೊಣಕಾಲು ಸವೆದದ್ದು ನಮಗಾಗಿ. ಆದ್ದರಿಂದ ಭಾರ ಎತ್ತಿದರೆ ಗುಣ ತಾನಾಗಿ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಎತ್ತುವವನ ಮನಸ್ಸು ಏನು, ಯಾರಿಗಾಗಿ ಎತ್ತುತ್ತಾನೆ ಎಂಬುದೂ ಸೇರಬೇಕು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬಲ್ಗೇರಿಯಾದ ಇಬ್ಬರು ಚಿನ್ನ ಗೆದ್ದೂ ನಿಷೇಧಿತ ಮದ್ದು ಸೇವಿಸಿದ್ದಕ್ಕೆ ಪದಕ ಕಳೆದುಕೊಂಡರು, ಉಳಿದ ತಂಡವೂ ಸ್ಪರ್ಧೆಯಿಂದ ಹಿಂದೆ ಸರಿಯಿತು. ತೋಳಿನಲ್ಲಿ ಬಲವಿತ್ತು, ಸಾಲಲಿಲ್ಲ. ಮಕ್ಕಳೆ, ಮೊಬೈಲಿನಲ್ಲಿ ಮೈಕಟ್ಟು ತೋರಿಸಿ ಪುಡಿ, ಸೂಜಿ ಮಾರುವವರನ್ನು ನಂಬಬೇಡಿ. ಜೋಳದ ರೊಟ್ಟಿ, ಬೇಳೆ, ಮೊಳಕೆ ಕಾಳು, ಮೊಟ್ಟೆ, ಹಾಲು, ರಾತ್ರಿ ಒಳ್ಳೆಯ ನಿದ್ದೆ, ಇವುಗಳಿಂದ ಶುರುಮಾಡಿ. ಕಲಿಸುವವರಿಲ್ಲದೆ ಭಾರಕ್ಕೆ ಕೈಹಾಕಬೇಡಿ. ಮೊದಲು ಬರಿಯ ಕೋಲು ಹಿಡಿದು ಕೂತು ಏಳುವುದನ್ನು ಸರಿಯಾಗಿ ಕಲಿಯಿರಿ.

ಹಿರಿಯರಲ್ಲಿ ಒಂದು ವಿನಂತಿ. 2004ರ ನಮ್ಮ ತಂಡದವರು ಸೇರಿ ಶಾಲೆಗೆ 20 ಕಿಲೋದ ಒಂದು, 15 ಕಿಲೋದ ಒಂದು ಸರಳು, ತಟ್ಟೆಗಳು ಮತ್ತು ಕೆಳಗೆ ಹಾಸುವ ರಬ್ಬರ್ ಹಾಸುಗಳನ್ನು ಕೊಡುತ್ತಿದ್ದೇವೆ. ಹಳೆಯ ವಿಜ್ಞಾನ ಕೊಠಡಿಯನ್ನು ಇದಕ್ಕೆ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ದೈಹಿಕ ಶಿಕ್ಷಕರು ತರಬೇತಿಗೆ ಹೋಗಿಬರುವ ಖರ್ಚು ನಮ್ಮದು. ಹುಡುಗಿಯರಿಗೆ ಬೇರೆ ಸಮಯ ಇಡಿ, ಆದರೆ ಅವರನ್ನು ಬಿಟ್ಟುಬಿಡಬೇಡಿ. ಬೇಸಿಗೆಯಲ್ಲಿ ಎರಡೂ ಕೈಯಲ್ಲಿ ಕೊಡ ಹೊತ್ತು ಬರುವ ಮಗಳಿಗೆ ಭಾರ ಎತ್ತಲು ಬಾರದು ಎಂದು ಯಾರೂ ಹೇಳಲಾರರು.

ನಮ್ಮಪ್ಪ ಅಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಅಪ್ಪಾ, ಆ ಅರ್ಜಿಯಲ್ಲಿ ಬರೆದದ್ದನ್ನು ಇಂದು ತಿದ್ದುತ್ತಿದ್ದೇನೆ. ತಂದೆಯ ಉದ್ಯೋಗ: ಹಮಾಲಿ. ಆ ಕೋಣೆಯ ಮೊದಲ ದಿನ ಮಕ್ಕಳಿಗೆ ಚೀಲ ಎತ್ತುವುದನ್ನೂ, ಇಳಿಸುವುದನ್ನೂ ನೀವೇ ತೋರಿಸಿಕೊಡಬೇಕು.