ನೋವಿಲ್ಲ ಅಂತ ಸುಮ್ಮನಿರಬೇಡಿ



ನಂಜನಗೂಡು, ಟಿ. ನರಸೀಪುರ ಕಡೆ ಸಕ್ಕರೆ ಕಾಯಿಲೆ ಎಲ್ಲರಿಗೂ ಗೊತ್ತು. ಆದರೆ ಒಂದು ಮಾತು ಆಗಾಗ ಕೇಳುತ್ತೇವೆ. "ಎದೆನೋವಿಲ್ಲ. ಅಂದ್ಮೇಲೆ ಹೃದಯ ಚೆನ್ನಾಗೇ ಇದೆ." ಈ ಮಾತು ಪೂರ್ತಿ ನಿಜವಲ್ಲ.

ಸಕ್ಕರೆ ಬಹಳ ವರ್ಷ ಹತೋಟಿ ತಪ್ಪಿದರೆ ನರಗಳು ಸೊರಗುತ್ತವೆ. ಕಾಲಿಗೆ ಮುಳ್ಳು ಚುಚ್ಚಿದರೂ ಕೆಲವರಿಗೆ ತಿಳಿಯುವುದಿಲ್ಲ. ಹೃದಯದ ನೋವೂ ಹಾಗೇ ತಿಳಿಯದೆ ಹೋಗಬಹುದು. ಬರೀ ಏದುಸಿರು, ಬೆವರು, ಸುಸ್ತು ಕಾಣಬಹುದು.

ಹುಲ್ಲಹಳ್ಳಿ ನಾಲೆ, ಮಾಧವಮಂತ್ರಿ ನಾಲೆ ನಾವು ಕಂಡವೇ. ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರಿಲ್ಲ. ಹೃದಯಕ್ಕೂ ರಕ್ತದ ನಾಲೆಗಳಿವೆ. ಅದರೊಳಗೆ ಕೊಬ್ಬು ಕಟ್ಟುತ್ತದೆ. ಬರಬರುತ್ತಾ ಸುಣ್ಣ ಸೇರಿ ಗಟ್ಟಿಯಾಗುತ್ತದೆ.

ಇದನ್ನು ನೋಡುವುದು ಹೇಗೆ? ಇ.ಸಿ.ಜಿ. ಹೃದಯದ ಬಡಿತವನ್ನು ಗೆರೆಯಲ್ಲಿ ಬರೆಯುತ್ತದೆ. ಎಕೋ ಯಂತ್ರ ಬಡಿಯುವ ಹೃದಯವನ್ನೇ ಪರದೆಯ ಮೇಲೆ ತೋರಿಸುತ್ತದೆ. ಸಿ.ಟಿ. ಸ್ಕ್ಯಾನ್ ರಕ್ತನಾಳದ ಸುಣ್ಣವನ್ನು ಅಂಕಿಯಲ್ಲಿ ಹೇಳುತ್ತದೆ. ಅದೇ ಕ್ಯಾಲ್ಸಿಯಂ ಅಂಕ. ಸೊನ್ನೆ ಬಂದರೆ ಸಮಾಧಾನ. ಆದರೂ ಮಾತ್ರೆ ಬಿಡಬಾರದು. 100 ದಾಟಿದರೆ ಎಚ್ಚರ. 400 ದಾಟಿದರೆ ಬಹಳ ಎಚ್ಚರ. ಇದು ರಾಗಿ, ಹಾಲಿನಿಂದ ಬಂದ ಸುಣ್ಣವಲ್ಲ. ಅವನ್ನು ದೂರಬೇಡಿ.

ಹಾಗಾದರೆ ಎಲ್ಲರೂ ಸ್ಕ್ಯಾನ್ ಮಾಡಿಸ್ಬೇಕಾ? ಬೇಕಿಲ್ಲ. ಅಮೆರಿಕ, ಕೆನಡಾ ದೇಶಗಳಲ್ಲಿ ಎದೆಬೇನೆ ಇಲ್ಲದ 1,123 ಸಕ್ಕರೆ ರೋಗಿಗಳನ್ನು ಆರಿಸಿಕೊಂಡರು. ಅರ್ಧ ಜನಕ್ಕೆ ಇನ್ನೊಂದು ಬಗೆಯ ಹೃದಯ ಸ್ಕ್ಯಾನ್ ಮಾಡಿದರು. ಉಳಿದವರಿಗೆ ಮಾಡಲಿಲ್ಲ. ಔಷಧಿ ಎಲ್ಲರಿಗೂ ಸಿಗುತ್ತಿತ್ತು. 2009ರಲ್ಲಿ ಫಲಿತಾಂಶ ಬಂತು. ಹೃದಯಾಘಾತದ ಲೆಕ್ಕದಲ್ಲಿ ಎರಡು ಗುಂಪಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಸ್ಕ್ಯಾನ್ ಕಾಯಿಲೆಯನ್ನು ತೋರಿಸುತ್ತದೆ. ವಾಸಿ ಮಾಡುವುದಿಲ್ಲ. ಒಡವೆ ಅಡವಿಟ್ಟು ಸ್ಕ್ಯಾನಿಗೆ ಓಡುವುದು ಬೇಡ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್, ಬಿ.ಪಿ., ರಕ್ತದ ಕೊಬ್ಬು ನೋಡಿಸೋಣ. ಮಾತ್ರೆ ತಪ್ಪಿಸದಿರೋಣ. ಬೀಡಿ, ಹೊಗೆಸೊಪ್ಪು ಬಿಡೋಣ.

ನಡೆದರೆ ಏದುಸಿರು ಬರುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತೇ? ಇದನ್ನು ಡಾಕ್ಟರಿಗೆ ಹೇಳಬೇಕು. ಯಾವ ಪರೀಕ್ಷೆ ಬೇಕೋ ಅವರೇ ಹೇಳುತ್ತಾರೆ. ಬೇಕು ಅಂದರೆ ಹಿಂಜರಿಯಬಾರದು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಸರ್ಕಾರದ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಇದ್ದಕ್ಕಿದ್ದಂತೆ ಬೆವರು, ಏದುಸಿರು, ಎದೆಬಿಗಿತ ಬಂತೇ? ಬೆಳಗಾಗಲಿ ಅನ್ನಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ನಾವು ಈಗ ಅಕ್ಷರ ಬಲ್ಲವರು, ಅಂಕಿ ಬಲ್ಲವರು. ಆಸ್ಪತ್ರೆಯ ಚೀಟಿಯನ್ನು ಮಡಿಚಿ ಗೂಡಿನಲ್ಲಿ ಇಡುವುದು ಬೇಡ. ಬಿಡಿಸಿ ಓದೋಣ. ತಿಳಿಯದ ಅಂಕಿಯನ್ನು ಡಾಕ್ಟರನ್ನೇ ಕೇಳೋಣ.